8 ಗಂಟೆ 46 ನಿಮಿಷ 58 ಸೆಕೆಂಡು: ಅಟಾರಿ ಗಡಿಯಲ್ಲಿ ಸಿಕ್ಕಿಬಿದ್ದ ಉತ್ತುತ್ತೆ ಲಾರಿಗಳು

 

ಇವತ್ತಿನ ಕಥೆ ಉತ್ತುತ್ತೆಯಿಂದ ಶುರು. ಅದೇ, ಬಾಣಂತಿಗೆ ಮಾಡೋ ಅಂಟಿನುಂಡೆಗೆ ಹಾಕ್ತಾರಲ್ಲ, ಒಣ ಖರ್ಜೂರ. 2019ರವರೆಗೆ ಭಾರತ ತರಿಸ್ತಿದ್ದ ಉತ್ತುತ್ತೆಯಲ್ಲಿ ದೊಡ್ಡ ಪಾಲು ಪಾಕಿಸ್ತಾನದ್ದು. ಪಂಜಾಬಿನ ಅಟಾರಿ ಗಡಿಯಲ್ಲಿ ಲಾರಿಗಟ್ಟಲೆ ಬರ್ತಿತ್ತು. ಜೊತೆಗೆ ಸಿಮೆಂಟು, ಜಿಪ್ಸಂ.

2019ರ ಫೆಬ್ರವರಿ 14ರಂದು ಪುಲ್ವಾಮಾ ದಾಳಿ. 40 ಸಿಆರ್‌ಪಿಎಫ್ ಯೋಧರು ಹುತಾತ್ಮರಾದರು. ಎರಡು ದಿನ ಬಿಟ್ಟು, ಫೆಬ್ರವರಿ 16ರ ಶನಿವಾರ, ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು: ಪಾಕಿಸ್ತಾನದಿಂದ ಬರೋ ಎಲ್ಲ ಸರಕಿಗೂ 200 ಪರ್ಸೆಂಟ್ ಆಮದು ಸುಂಕ. ಅಂದ್ರೆ 10 ಲಕ್ಷದ ಮಾಲಿಗೆ 20 ಲಕ್ಷ ಡ್ಯೂಟಿ, ಜಿಎಸ್‌ಟಿ ಬೇರೆ. ಇದು ಇ-ಗೆಜೆಟ್‌ಗೆ ಅಪ್‌ಲೋಡ್ ಆದ ಸಮಯ ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡು.

ಆದರೆ ಆ ದಿನ ಹಗಲಲ್ಲೇ ಕೆಲವು ಲಾರಿಗಳು ಅಟಾರಿಗೆ ಬಂದಾಗಿತ್ತು. ಆಮದುದಾರರ ಪರವಾಗಿ ಬಿಲ್ ಆಫ್ ಎಂಟ್ರಿ ಹಾಕಿಯೂ ಆಗಿತ್ತು. ಮಾಲು ಮಾತ್ರ ಇನ್ನೂ ಹೊರಗೆ ಬಂದಿರಲಿಲ್ಲ. ಕಸ್ಟಮ್ಸ್‌ನವರು ಹೇಳಿದ್ದು ಇಷ್ಟೇ: 200 ಪರ್ಸೆಂಟ್ ಕಟ್ಟಿ, ಮಾಲು ಬಿಡಿಸ್ಕೊಳ್ಳಿ.

ನಾನು ಬಿಕಾಂ ಓದುವಾಗ ಕಸ್ಟಮ್ಸ್ ಡ್ಯೂಟಿ ಅಂದ್ರೆ ಎರಡು ಮಾರ್ಕಿನ ಲೆಕ್ಕ. ಬೆಲೆ ಗುಣಿಸು ರೇಟು, ಮುಗೀತು. ಆದ್ರೆ ಯಾವ ದಿನದ ರೇಟು? ಅಸಲಿ ಪ್ರಶ್ನೆ ಅದು. 1962ರ ಕಸ್ಟಮ್ಸ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನೀವು ಆರ್ಡರ್ ಕೊಟ್ಟ ದಿನದ್ದಲ್ಲ, ದುಡ್ಡು ಕಳಿಸಿದ ದಿನದ್ದೂ ಅಲ್ಲ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ್ದು. ಮೊದಲೇ ಬಿಲ್ ಹಾಕಿ ಹಳೇ ರೇಟು ಹಿಡ್ಕೊಳ್ಳೋಣ ಅಂದ್ರೆ ಅದೂ ನಡೆಯಲ್ಲ. ಹಡಗಿಗೆ ಒಳಬರೋಕೆ ಅನುಮತಿ ಸಿಕ್ಕ ಮೇಲೇ ಆ ಬಿಲ್ಲಿಗೆ ಬೆಲೆ.

ಹಾಗಾಗಿ ಕಸ್ಟಮ್ಸ್ ಬ್ರೋಕರ್‌ಗಳ ಕಸುಬೇ ಗಡಿಯಾರ ನೋಡೋದು. ಸುಂಕ ಏರುತ್ತೆ ಅನ್ನೋ ಸುಳಿವು ಸಿಕ್ಕರೆ ಬೇಗ ಬಿಲ್ ಹಾಕಿಸ್ತಾರೆ. ಇಳಿಯುತ್ತೆ ಅನ್ನಿಸಿದರೆ ಮಾಲನ್ನ ಬಾಂಡೆಡ್ ಗೋದಾಮಿಗೆ ಹಾಕಿ ಕಾಯ್ತಾರೆ. ಯಾಕಂದ್ರೆ ಅಲ್ಲಿಂದ ಬಿಡಿಸೋಕೆ ಎಕ್ಸ್-ಬಾಂಡ್ ಬಿಲ್ ಹಾಕೋ ದಿನದ ರೇಟೇ ಲೆಕ್ಕ. ಬಜೆಟ್ ದಿನವಂತೂ ಇವರಿಗೆ ಪರೀಕ್ಷೆ. ಬ್ರಿಟಿಷರ ಕಾಲದ, 1931ರ ಒಂದು ಕಾಯ್ದೆ ಪ್ರಕಾರ ಬಜೆಟ್‌ನಲ್ಲಿ ಏರಿಸಿದ ಸುಂಕ ಮಸೂದೆ ಇನ್ನೂ ಪಾಸಾಗದಿದ್ದರೂ ಆ ಮಧ್ಯರಾತ್ರಿಯಿಂದಲೇ ವಸೂಲಿ ಮಾಡಬಹುದಿತ್ತು. ಆದ್ರೆ ಆವಾಗ ಗಡುವು ಯಾವಾಗ ಅಂತ ಎಲ್ಲರಿಗೂ ಗೊತ್ತಿರ್ತಿತ್ತು. ಅಟಾರಿಯಲ್ಲಿ ಅದೇ ಗೊತ್ತಿರಲಿಲ್ಲ.

ಆಮದುದಾರರು ಕೋರ್ಟಿಗೆ ಹೋದ್ರು. ಸರ್ಕಾರದ ವಾದ: ಸೆಕ್ಷನ್ 15 ಹೇಳೋದು ದಿನ, ಗಂಟೆ ಅಲ್ಲ. ಅಧಿಸೂಚನೆ 16ರಂದು ಬಂತು, ಹಾಗಾಗಿ ಇಡೀ 16ನೇ ತಾರೀಖಿಗೆ ಅನ್ವಯ. ಆಮದುದಾರರ ವಾದ: ಮಧ್ಯಾಹ್ನ ಇಲ್ಲದೇ ಇದ್ದ ಕಾನೂನನ್ನ ಮಧ್ಯಾಹ್ನ ಪಾಲಿಸೋದು ಹೇಗೆ ಸ್ವಾಮಿ?

2019ರ ಆಗಸ್ಟ್‌ನಲ್ಲಿ ಪಂಜಾಬ್-ಹರಿಯಾಣ ಹೈಕೋರ್ಟ್ ಆಮದುದಾರರ ಪರ ನಿಂತಿತು. ಕೇಂದ್ರ ಮೇಲ್ಮನವಿ ಹಾಕಿತು. 2020ರ ಸೆಪ್ಟೆಂಬರ್ 23ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಇದ್ದ ಸುಪ್ರೀಂ ಕೋರ್ಟ್ ಪೀಠ ಅದನ್ನ ವಜಾ ಮಾಡಿತು. ತೀರ್ಪಿನ ತಿರುಳು: ಗೆಜೆಟ್ ಈಗ ಕಾಗದದ್ದಲ್ಲ, ಎಲೆಕ್ಟ್ರಾನಿಕ್. ಅಪ್‌ಲೋಡ್ ಆದ ಸೆಕೆಂಡೂ ದಾಖಲಾಗಿರುತ್ತೆ. ಹೊಸ ಸುಂಕದ ಆಯುಸ್ಸು ಆ ಸೆಕೆಂಡಿನಿಂದ ಶುರು, ಅದಕ್ಕಿಂತ ಹಿಂದಕ್ಕೆ ಹೋಗಲ್ಲ. ಅದಕ್ಕೆ ಮೊದಲೇ ಬಿಲ್ ಸಲ್ಲಿಸಿದವರಿಗೆ ಹಳೇ ರೇಟೇ.

ಆದ್ರೆ ಆ ಸೆಕೆಂಡಿನ ಆಚೆ ಉಳಿದವರು? ಲಾರಿ ದಾರಿಯಲ್ಲಿದ್ದರೂ, ದುಡ್ಡು ಪೂರ್ತಿ ಕೊಟ್ಟಿದ್ದರೂ ಈ ತೀರ್ಪಿನಿಂದ ಅವರಿಗೆ ಏನೂ ಸಿಗಲಿಲ್ಲ. ಇಂಥವರಿಗೆ ಕಾನೂನಲ್ಲಿರೋ ಚಿಕ್ಕ ಆಸರೆ 1930ರ ಸರಕು ಮಾರಾಟ ಕಾಯ್ದೆಯ 64ಎ ಸೆಕ್ಷನ್. ಒಪ್ಪಂದ ಆದಮೇಲೆ ಸುಂಕ ಏರಿದರೆ, ಬೇರೆ ಮಾತು ಆಗಿಲ್ಲದಿದ್ದರೆ, ಮಾರೋನು ಆ ಹೆಚ್ಚಳವನ್ನ ಕೊಳ್ಳೋನ ಬೆಲೆಗೆ ಸೇರಿಸಬಹುದು. ಇಳಿದರೆ ಕಡಿಮೆ ಮಾಡಬೇಕು. ಆದ್ರೆ ಮೂರು ಪಟ್ಟು ಬೆಲೆಗೆ ಉತ್ತುತ್ತೆ ಯಾರು ತಗೋತಾರೆ? ಸೆಕ್ಷನ್ ಇದ್ದರೆ ಸಾಲದು, ಗಿರಾಕಿಯೂ ಇರಬೇಕು.

ಕೇಸ್ ಗೆದ್ದವರಿಗೂ ವ್ಯಾಪಾರ ವಾಪಸ್ ಬರಲಿಲ್ಲ. 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನವೂ ವ್ಯಾಪಾರ ನಿಲ್ಲಿಸಿತು. ಅಟಾರಿಯ ಕೂಲಿಗಳು, ಲಾರಿಯವರು, ಬ್ರೋಕರ್‌ಗಳು ಕೆಲಸ ಕಳ್ಕೊಂಡ್ರು. ಪಹಲ್ಗಾಮ್ ದಾಳಿಯ ನಂತರ, 2025ರ ಮೇ 2ರಂದು, ಪಾಕಿಸ್ತಾನದಿಂದ ಆಮದನ್ನೇ ಭಾರತ ಪೂರ್ತಿ ನಿಷೇಧಿಸಿತು.

ದೇಶ ಸುಂಕ ಏರಿಸಬಾರದಿತ್ತು ಅಂತ ಕೋರ್ಟ್ ಹೇಳಲಿಲ್ಲ, ನಾನೂ ಹೇಳ್ತಿಲ್ಲ. ಏರಿಸೋ ಅಧಿಕಾರ ಸರ್ಕಾರಕ್ಕಿದೆ. ಆದ್ರೆ ರಾತ್ರಿ ಬರೆದ ನಿಯಮಕ್ಕೆ ಮಧ್ಯಾಹ್ನದ ವ್ಯಾಪಾರಿ ದಂಡ ಕಟ್ಟಬೇಕಾಗಿಲ್ಲ. ನಾಳೆ ನೀವು ಸಣ್ಣದಾಗಿ ಏನಾದ್ರೂ ತರಿಸಿ ಮಾರೋಕೆ ಶುರು ಮಾಡಿದ್ರೆ, ಬಿಲ್ ಆಫ್ ಎಂಟ್ರಿಯ ಮೇಲಿನ ಸಮಯ ಒಮ್ಮೆ ನೋಡ್ಕೊಳ್ಳಿ.

ಮುಂದಿನ ವಾರ ಸಿಗೋಣ.