ಕೊಲೆ ಶಿಕ್ಷೆಯ ಮೇಲ್ಮನವಿ ನಡೆದುಬಂದ ದಾರಿ

ಭಾರತದಲ್ಲಿ ಕೊಲೆಗಾಗಿ ಸೆಷನ್ಸ್ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿದರೆ, ಅಪರಾಧಿ ಮೇಲ್ಮನವಿ ಹಾಕಲಿ ಬಿಡಲಿ, ಕಡತ ತಾನಾಗಿಯೇ ಹೈಕೋರ್ಟಿಗೆ ಹೋಗುತ್ತದೆ. ಅಲ್ಲಿ ದೃಢವಾಗದೆ ಶಿಕ್ಷೆ ಜಾರಿಯಾಗುವಂತಿಲ್ಲ. ಜೀವಾವಧಿ ಶಿಕ್ಷೆಯಾದವರಿಗೂ ಕೊಲೆಯತ್ನಕ್ಕೆ ಜೈಲಾದವರಿಗೂ ಈ ಅನುಕೂಲವಿಲ್ಲ. ಮೇಲ್ಮನವಿಯನ್ನು ಅವರೇ ಹಾಕಬೇಕು.

ದೃಢೀಕರಣದ ಈ ಪದ್ಧತಿಯ ಬೇರು ಕಂಪನಿ ಸರ್ಕಾರದ ಕಾಲದ್ದು. 1790ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೇಲಿನ ಕ್ರಿಮಿನಲ್ ನ್ಯಾಯಾಲಯವಾದ ನಿಜಾಮತ್ ಅದಾಲತ್ತನ್ನು ಮುರ್ಷಿದಾಬಾದಿನಿಂದ ಕಲ್ಕತ್ತೆಗೆ ತಂದ. ಬಂಗಾಳದ ಮರಣದಂಡನೆಗಳಿಗೆ ಅದರ ಒಪ್ಪಿಗೆ ಬೇಕಾಯಿತು. ಮದ್ರಾಸಿನಲ್ಲಿ ಆ ಕೆಲಸ ಫೌಜ್ದಾರಿ ಅದಾಲತ್ತಿನದು. 1861ರ ದಂಡ ಪ್ರಕ್ರಿಯಾ ಸಂಹಿತೆ ಬಂದು, ಮರುವರ್ಷ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಹೈಕೋರ್ಟುಗಳು ತೆರೆದ ಮೇಲೆ ಈ ಅಧಿಕಾರ ಅವುಗಳಿಗೆ ಬಂತು. ಜಿಲ್ಲೆಗಳ ಜಡ್ಜರಲ್ಲಿ ಅನೇಕರು ವಕೀಲಿಕೆ ಮಾಡಿದವರಲ್ಲ, ಸಿವಿಲ್ ಸರ್ವಿಸಿನ ಅಧಿಕಾರಿಗಳು. ಹಾಗಾಗಿ ಈ ಏರ್ಪಾಟಿನಲ್ಲಿ ಕರುಣೆಗಿಂತ ಕೆಳಗಿನವರ ಮೇಲಿನ ಅಪನಂಬಿಕೆಯೇ ಹೆಚ್ಚೆನ್ನಬೇಕು.

ವಿಚಿತ್ರವೆಂದರೆ, ಆಗ ಇಂಗ್ಲೆಂಡಿನವರಿಗೇ ಮೇಲ್ಮನವಿಯ ಹಕ್ಕು ಇರಲಿಲ್ಲ. ಅಲ್ಲಿ ಜ್ಯೂರಿ ಅಪರಾಧಿ ಎಂದರೆ ಉಳಿಯುತ್ತಿದ್ದುದು ಬಹುಮಟ್ಟಿಗೆ ಕ್ಷಮಾದಾನದ ಅರ್ಜಿಯೊಂದೇ. ಬೇರೊಬ್ಬನ ವಂಚನೆಗಾಗಿ ಅಡಾಲ್ಫ್ ಬೆಕ್ ಎಂಬಾತ 1896ರಲ್ಲೂ 1904ರಲ್ಲೂ ಅಪರಾಧಿಯೆನಿಸಿಕೊಂಡದ್ದು ಬಯಲಾದ ಮೇಲೆ, 1907ರಲ್ಲಿ ಅಲ್ಲಿ ಕ್ರಿಮಿನಲ್ ಮೇಲ್ಮನವಿಯ ಕಾಯ್ದೆ ಬಂತು.

ಇಲ್ಲಿನ ಹಕ್ಕೂ ಬಿಗಿಯಾದದ್ದೇ. 1908ರ ಕಾಲಮಿತಿ ಕಾಯ್ದೆಯಂತೆ ಸೆಷನ್ಸ್ ನ್ಯಾಯಾಲಯದಲ್ಲಿ ಗಲ್ಲು ಶಿಕ್ಷೆಯಾದವನಿಗೆ ಮೇಲ್ಮನವಿಗೆ ಸಿಗುತ್ತಿದ್ದುದು ಬರೀ 7 ದಿನ. ವಕೀಲರಿಲ್ಲದ ಕೈದಿ ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕಿತ್ತು. ಅದನ್ನು ಕೋರ್ಟಿಗೆ ತಲುಪಿಸುವುದು ಅವರ ಹೊಣೆ. ಹೈಕೋರ್ಟಿನಲ್ಲಿ ಸಾಕ್ಷಿಗಳು ಸಾಮಾನ್ಯವಾಗಿ ಮತ್ತೆ ಕಟಕಟೆ ಹತ್ತುವುದಿಲ್ಲ. ಹೇಳಿಕೆ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿಗಳ ಪೇಪರ್ ಬುಕ್ಕನ್ನೇ ನ್ಯಾಯಾಧೀಶರು ಓದಬೇಕು. ಗಾಯದ ಜಾಗಕ್ಕೂ ಕಣ್ಣಾರೆ ಕಂಡವರ ಮಾತಿಗೂ ತಾಳೆಯಾಗದಿದ್ದರೆ ವಾದವೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಆದರೂ ಸಾಕ್ಷಿಯನ್ನು ಎದುರಿಗೇ ಕಂಡ ಕೆಳಗಿನ ಜಡ್ಜರ ಅಭಿಪ್ರಾಯಕ್ಕೆ ತೂಕ ಕೊಡಬೇಕೆಂದು, ಅಂದು ಕೊನೆಯ ಮೇಲ್ಮನವಿಯ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1934ರ ಶಿಯೋ ಸ್ವರೂಪ್ ಪ್ರಕರಣದಲ್ಲಿ ಹೇಳಿತು.

ಆ ಕೌನ್ಸಿಲಿನ ಬಾಗಿಲು ಮಾತ್ರ ಸುಲಭವಾಗಿ ತೆರೆಯುತ್ತಿರಲಿಲ್ಲ. ಘೋರ ಅನ್ಯಾಯವಾಗಿದ್ದರಷ್ಟೇ ಕೈಹಾಕುವೆನೆಂದು ಅದು 1887ರಲ್ಲೇ ಗೆರೆ ಎಳೆದಿತ್ತು. ಮೇಲ್ಮನವಿ ಫಲಿಸದ ಪ್ರಕರಣವೊಂದು ಹೀಗಿದೆ. ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನಲ್ಲಿ 1941ರಲ್ಲಿ ಪೊಲೀಸ್ ಪೇದೆಯೊಬ್ಬನ ಸಾವಿನಿಂದ ಹುಟ್ಟಿದ ಪ್ರಕರಣದ ವಿಚಾರಣೆ ಮಂಗಳೂರಿನಲ್ಲಿ ನಡೆಯಿತು. ಮದ್ರಾಸ್ ಹೈಕೋರ್ಟಿನಲ್ಲೂ ಬಿಡುಗಡೆ ಸಿಗದ ನಾಲ್ವರು ರೈತ ಕಾರ್ಯಕರ್ತರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೆ ವಸ್ತು ಇದೇ.

1950ರ ಸಂವಿಧಾನ, ಹೈಕೋರ್ಟು ಖುಲಾಸೆಯನ್ನು ತಿರುಗಿಸಿ ಗಲ್ಲು ವಿಧಿಸಿದ್ದರೆ ಸುಪ್ರೀಂ ಕೋರ್ಟಿಗೆ ಹೋಗುವುದನ್ನು ಹಕ್ಕಾಗಿಸಿತು. 1970ರ ಕಾಯ್ದೆ ಇದನ್ನು ಜೀವಾವಧಿ ಮತ್ತು 10 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಗಳಿಗೂ ವಿಸ್ತರಿಸಿತು. ಏಳು ದಿನದ ಗಡುವು 1963ರಲ್ಲಿ 30 ದಿನವಾಗಿತ್ತು. ಹೊಸ ಸಂಹಿತೆಗಳು ಜಾರಿಯಾದ 2024ರ ಜುಲೈ 1ರಿಂದ ಕೊಲೆಯ 302ನೇ ಕಲಮು 103 ಆಗಿದೆ, ಕೊಲೆಯತ್ನದ 307 ಈಗ 109. ದೃಢೀಕರಣದ ನಿಯಮ 366ರಿಂದ 407ಕ್ಕೆ ಸರಿದಿದೆ. ಗಲ್ಲು ಖಾಯಂ ಆಗಬೇಕಾದರೆ ಕನಿಷ್ಠ ಇಬ್ಬರು ನ್ಯಾಯಾಧೀಶರ ಸಹಿ ಈಗಲೂ ಬೇಕು.