ಸತ್ತು ಹೋಗಿದ್ದ ನಿಲ್ದಾಣಕ್ಕೆ ಹೊರಟ ಇಬ್ಬರು | ಬಾಹ್ಯಾಕಾಶದ ಕಥೆಗಳು, ಭಾಗ 6

ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋಗಿದ್ದು ನಿಮಗೆಲ್ಲ ಗೊತ್ತು. 1984ರ ಏಪ್ರಿಲ್‌ನಲ್ಲಿ ಅವರು ಉಳ್ಕೊಂಡಿದ್ದು ಸೋವಿಯತ್ ಒಕ್ಕೂಟದ ಸಲ್ಯೂತ್-7 ನಿಲ್ದಾಣದಲ್ಲಿ. ಅವರು ವಾಪಸ್ ಬಂದು ಒಂದು ವರ್ಷ ಆಗೋದ್ರೊಳಗೆ ಆ ನಿಲ್ದಾಣಕ್ಕೆ ಏನಾಯ್ತು ಗೊತ್ತಾ?

1985ರ ಫೆಬ್ರವರಿ. ಒಳಗೆ ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ ಭೂಮಿ ಜೊತೆ ಸಂಪರ್ಕ ಕಟ್. ಸುಮಾರು 20 ಟನ್ ತೂಕದ ನಿಲ್ದಾಣ ಕರೆಂಟಿಲ್ಲದೆ, ಮಾತಿಲ್ಲದೆ ಸುಮ್ಮನೆ ಸುತ್ತುತ್ತಾ ಇತ್ತು. ನಮ್ಮಂಥ ಬಿಕಾಂನವರಾಗಿದ್ರೆ ರೈಟ್ ಆಫ್ ಮಾಡಿ ಪುಟ ತಿರುಗಿಸ್ತಿದ್ವಿ. ಅವರು ರಿಪೇರಿಗೆ ಇಬ್ಬರನ್ನ ಕಳಿಸಿದ್ರು!

ಜೂನ್ 6ರಂದು ಸೊಯೂಜ್ ಟಿ-13 ನೌಕೆ ಬೈಕನೂರಿನಿಂದ ಹೊರಟಿತು. ಕಮಾಂಡರ್ ವ್ಲಾದಿಮಿರ್ ಜಾನಿಬೆಕೊವ್, ಎಂಜಿನಿಯರ್ ವಿಕ್ತರ್ ಸವಿನಿಖ್. ಮಾಮೂಲಿಯಾಗಿ ನೌಕೆ, ನಿಲ್ದಾಣ ಎರಡೂ ರೇಡಿಯೋ ಸಿಗ್ನಲ್ ಕೊಟ್ಟು ತಗೊಂಡು ಹತ್ತಿರ ಬರ್ತವೆ. ಇಲ್ಲಿ ನಿಲ್ದಾಣ ಉತ್ತರ ಕೊಡೋ ಸ್ಥಿತೀಲೇ ಇಲ್ಲ. ಕಿಟಕಿಯಿಂದ ನೋಡ್ತಾ, ಕೈಯಲ್ಲಿ ಹಿಡಿಯೋ ಲೇಸರ್ ಸಾಧನದಿಂದ ದೂರ ಅಳೀತಾ, ಜೂನ್ 8ರಂದು ಕೈಯಾರೆ ನಡೆಸಿಯೇ ನೌಕೆಯನ್ನ ಜೋಡಿಸಿದ್ರು.

ಒಳಗೆ ಕತ್ತಲೆ, ನಿಶ್ಶಬ್ದ, ಕೊರೆಯೋ ಚಳಿ. ನೀರೆಲ್ಲ ಹೆಪ್ಪುಗಟ್ಟಿತ್ತು. ದಪ್ಪ ಟೋಪಿ, ಕೈಗವಸು ಹಾಕ್ಕೊಂಡೇ ಕೆಲಸ. ಅದಕ್ಕಿಂತ ದೊಡ್ಡ ಅಪಾಯ ಅವರ ಉಸಿರೇ. ತೂಕವಿಲ್ಲದ ಜಾಗದಲ್ಲಿ ಬಿಸಿ ಗಾಳಿ ಮೇಲೇಳಲ್ಲ. ಫ್ಯಾನ್ ಓಡದಿದ್ರೆ ಬಿಟ್ಟ ಉಸಿರು ಮುಖದ ಸುತ್ತಲೇ ನಿಲ್ಲುತ್ತೆ. ಹಾಗಾಗಿ ಒಬ್ರು ಕೆಲಸ ಮಾಡುವಾಗ ಇನ್ನೊಬ್ರು ಅವರ ಮೇಲೆ ಕಣ್ಣಿಟ್ಟಿರಬೇಕಿತ್ತು.

ಇಷ್ಟಕ್ಕೆಲ್ಲ ಕಾರಣ? ಒಂದು ಸೆನ್ಸರ್. ಚಾರ್ಜಿಂಗ್ ಶುರುವಾದಾಗೆಲ್ಲ "ಬ್ಯಾಟರಿ ಫುಲ್" ಅಂತ ತಪ್ಪು ಲೆಕ್ಕ ಕೊಟ್ಟು ಅದನ್ನ ನಿಲ್ಲಿಸ್ತಿತ್ತು. ಹಾಗೇ ಬ್ಯಾಟರಿಗಳೆಲ್ಲ ಖಾಲಿಯಾದ್ವು. ಎಂಟರಲ್ಲಿ ಎರಡು ಪೂರ್ತಿ ಹಾಳಾಗಿದ್ವು. ಉಳಿದ ಆರನ್ನ ಇವರಿಬ್ರೂ ವೈರ್ ಎಳೆದು ನೇರವಾಗಿ ಸೌರಫಲಕಗಳಿಗೆ ಜೋಡಿಸಿದ್ರು. ಫಲಕಗಳನ್ನ ಸೂರ್ಯನ ಕಡೆ ತಿರುಗಿಸೋಕೆ ನಿಲ್ದಾಣಕ್ಕೆ ಶಕ್ತಿ ಇಲ್ಲ. ತಾವು ಬಂದ ಸೊಯೂಜ್‌ನ ಎಂಜಿನ್‌ನಿಂದಲೇ ಇಡೀ ನಿಲ್ದಾಣವನ್ನ ತಿರುಗಿಸಿದ್ರು!

ಬ್ಯಾಟರಿ ತುಂಬ್ತು. ದೀಪ ಬಂತು. ನಿಧಾನಕ್ಕೆ ಮಂಜು ಕರಗಿತು. ಅದೇ ತಿಂಗಳು 23ಕ್ಕೆ ಸರಕು ನೌಕೆ ನೀರು, ಸಾಮಾನು ಹೊತ್ತು ತಂತು. ಸವಿನಿಖ್ ನವೆಂಬರ್‌ವರೆಗೂ ಅಲ್ಲೇ ಇದ್ರು. ಸಲ್ಯೂತ್-7 ಕೊನೆಗೆ ಭೂಮಿಗೆ ಬಿದ್ದಿದ್ದು 1991ರ ಫೆಬ್ರವರಿಯಲ್ಲಿ.

ಮೊದಲು ಹೋದವರ ಹೆಸರು ಎಲ್ಲರ ಬಾಯಲ್ಲಿರುತ್ತೆ. ಕೆಟ್ಟಿದ್ದನ್ನ ಸರಿ ಮಾಡೋಕೆ ಹೋದವರ ಹೆಸರೂ ನೆನಪಿರಲಿ: ಜಾನಿಬೆಕೊವ್, ಸವಿನಿಖ್.

ನೀವಾಗಿದ್ರೆ ಆ ಬಾಗಿಲು ತೆಗೀತಿದ್ರಾ? ಕಾಮೆಂಟಲ್ಲಿ ಹೇಳಿ. ಭಾಗ 7 ಮುಂದಿನ ಭಾನುವಾರ.

#ಬಾಹ್ಯಾಕಾಶದಕಥೆಗಳು #ಇತಿಹಾಸ #ಕನ್ನಡ