ಜ್ಯೂರಿಯ ಆಸನ: ಯುರೋಪಿನ ಭಯೋತ್ಪಾದನಾ ವಿಚಾರಣೆಗಳ ಅರ್ಧ ಶತಮಾನ

ಘೋರ ಅಪರಾಧದ ಆರೋಪ ಹೊತ್ತವನು ತಪ್ಪಿತಸ್ಥನೇ ಅಲ್ಲವೇ ಎಂಬುದನ್ನು ಚೀಟಿ ಎತ್ತಿ ಆರಿಸಿದ ಸಾಮಾನ್ಯ ನಾಗರಿಕರೇ ತೀರ್ಮಾನಿಸಬೇಕೆಂಬ ಪದ್ಧತಿಗೆ ಜ್ಯೂರಿ ಪದ್ಧತಿಯೆಂದು ಹೆಸರು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬೆಳೆದ ಈ ಪದ್ಧತಿ ಫ್ರೆಂಚ್ ಕ್ರಾಂತಿಯ ತರುವಾಯ ಯುರೋಪಿನ ಇತರ ದೇಶಗಳಲ್ಲಿಯೂ ನಾನಾ ರೂಪಗಳಲ್ಲಿ ನೆಲೆಯೂರಿತು. ಭಾರತದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಡನೆ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಜ್ಯೂರಿ ಪೂರ್ಣವಾಗಿ ಮರೆಯಾದ ಕಾರಣ, ಅದನ್ನು ಕಳೆದುಕೊಳ್ಳುವುದು ಯುರೋಪಿನವರಿಗೆ ಏಕೆ ಅಷ್ಟು ದೊಡ್ಡ ಸಂಗತಿಯಾಗಿ ಕಂಡಿತೆಂಬುದು ಕನ್ನಡದ ಓದುಗರಿಗೆ ತಟ್ಟನೆ ಹೊಳೆಯಲಾರದು. 1970ರ ದಶಕದಿಂದೀಚೆಗೆ ಬಾಂಬು, ಅಪಹರಣ, ಹತ್ಯೆಗಳ ಆರೋಪಿಗಳನ್ನು ನ್ಯಾಯಾಲಯದ ಮುಂದೆ ತಂದ ಪ್ರತಿಯೊಂದು ದೇಶವೂ ಯಾವ ಕಾನೂನಿನಡಿ ಶಿಕ್ಷಿಸಬೇಕೆಂಬುದಕ್ಕಿಂತ ಮೊದಲು, ಶಿಕ್ಷಿಸಲು ಯಾರನ್ನು ಕೂರಿಸಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಆ ಉತ್ತರಗಳು ಒಂದಕ್ಕೊಂದು ಎಷ್ಟು ಭಿನ್ನವಾಗಿದ್ದವೆಂದರೆ, ಅವುಗಳ ಹಿಂದಿನ ಭಯ ಮಾತ್ರ ಒಂದೇ ಆಗಿತ್ತು ಎನ್ನಬೇಕಾಗುತ್ತದೆ.

ಆ ಭಯವನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟ ಮೊದಲಿಗರಲ್ಲಿ ಉತ್ತರ ಐರ್ಲೆಂಡಿನ ಆಡಳಿತವೂ ಒಂದು. ಅಲ್ಲಿ 1971ರ ಆಗಸ್ಟಿನಿಂದ ಶಂಕಿತರನ್ನು ವಿಚಾರಣೆಯೇ ಇಲ್ಲದೆ ಬಂಧನದಲ್ಲಿಡುವ ಕ್ರಮ ಜಾರಿಯಲ್ಲಿತ್ತು. ಅದರಿಂದ ಹಿಂಸೆ ತಗ್ಗುವ ಬದಲು ಹೆಚ್ಚಿದಾಗ, ಬಂಧಿತರನ್ನು ನ್ಯಾಯಾಲಯದ ದಾರಿಗೆ ಮರಳಿ ತರುವ ಬಗೆಯನ್ನು ಸೂಚಿಸಲು ಬ್ರಿಟಿಷ್ ಸರ್ಕಾರ ಲಾರ್ಡ್ ಡಿಪ್ಲಾಕ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. 1972ರ ಡಿಸೆಂಬರಿನಲ್ಲಿ ಬಂದ ವರದಿ ಎರಡು ಕಾರಣಗಳನ್ನು ಮುಂದಿಟ್ಟಿತು: ಸಾಕ್ಷಿಗಳಿಗೂ ಜ್ಯೂರಿಯ ಸದಸ್ಯರಿಗೂ ಬೆದರಿಕೆ ಬರುತ್ತಿರುವುದು ಒಂದಾದರೆ, ಬಹುಪಾಲು ಪ್ರಾಟೆಸ್ಟೆಂಟರಿಂದಲೇ ಕೂಡಿರುತ್ತಿದ್ದ ಜ್ಯೂರಿಗಳು ತಮ್ಮ ಪಂಗಡದ ಆರೋಪಿಗಳನ್ನು ಸಾಕ್ಷ್ಯಕ್ಕೆ ವಿರುದ್ಧವಾಗಿ ಬಿಟ್ಟುಬಿಡುವ ಅಪಾಯ ಇನ್ನೊಂದು. 1973ರ ತುರ್ತು ಕಾಯ್ದೆಯ ಪ್ರಕಾರ, ಅನುಸೂಚಿಯಲ್ಲಿ ಹೆಸರಿಸಿದ ಅಪರಾಧಗಳನ್ನು ಒಬ್ಬನೇ ನ್ಯಾಯಾಧೀಶ ಜ್ಯೂರಿಯಿಲ್ಲದೆ ವಿಚಾರಿಸತೊಡಗಿದನು. ಕಳೆದುಕೊಂಡದ್ದಕ್ಕೆ ಪರಿಹಾರವೆಂಬಂತೆ, ಜ್ಯೂರಿ ಎಂದೂ ಕೊಡಬೇಕಿಲ್ಲದ ಕಾರಣಗಳನ್ನು ನ್ಯಾಯಾಧೀಶನು ಲಿಖಿತವಾಗಿ ಕೊಡಬೇಕೆಂದೂ, ಶಿಕ್ಷೆಗೊಳಗಾದವನಿಗೆ ಯಾರ ಅನುಮತಿಯೂ ಬೇಡದ ಮೇಲ್ಮನವಿಯ ಹಕ್ಕು ಇರಬೇಕೆಂದೂ ಕಾನೂನು ವಿಧಿಸಿತು.

ಆದರೆ ಅದೇ ಕಾಯ್ದೆ ತಪ್ಪೊಪ್ಪಿಗೆಯ ನಿಯಮವನ್ನೂ ಸಡಿಲಗೊಳಿಸಿತ್ತು. ಆರೋಪಿಯ ಹೇಳಿಕೆ ಸ್ವಇಚ್ಛೆಯದಾಗಿರಬೇಕೆಂಬ ಹಳೆಯ ಅಳತೆಯನ್ನು ಬಿಟ್ಟು, ಚಿತ್ರಹಿಂಸೆ ಅಥವಾ ಅಮಾನುಷ ವರ್ತನೆಯಿಂದ ಪಡೆದದ್ದಲ್ಲದಿದ್ದರೆ ಸಾಕೆಂಬ ಹೊಸ ಅಳತೆ ಬಂದದ್ದರಿಂದ, ಕ್ಯಾಸಲ್‌ರೇ ಮೊದಲಾದ ಪೊಲೀಸ್ ಕೇಂದ್ರಗಳಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಗಳೇ ಶಿಕ್ಷೆಗೆ ಮುಖ್ಯ ಆಧಾರವಾದವು. 1980ರ ದಶಕದಲ್ಲಿ ಆ ಸ್ಥಾನಕ್ಕೆ ಮಾಫಿ ಸಾಕ್ಷಿಗಳು, ಅಂದರೆ ತಮ್ಮ ಶಿಕ್ಷೆಯ ವಿನಾಯಿತಿಗಾಗಿ ಸಂಗಡಿಗರ ವಿರುದ್ಧ ನುಡಿಯಲು ಒಪ್ಪಿದವರು, ಬಂದರು. 1983ರಲ್ಲಿ ಇಂತಹ ಒಬ್ಬನ ಮಾತನ್ನು ನೆಚ್ಚಿ ನಡೆದ ಒಂದು ವಿಚಾರಣೆಯಲ್ಲಿ 38 ಆರೋಪಿಗಳ ಪೈಕಿ 22 ಮಂದಿಗೆ ಒಟ್ಟು ನಾಲ್ಕು ಸಾವಿರ ವರ್ಷಗಳನ್ನು ಮೀರಿದ ಶಿಕ್ಷೆ ಬಿತ್ತು. ಮೂರು ವರ್ಷಗಳ ಬಳಿಕ ಮೇಲ್ಮನವಿ ನ್ಯಾಯಾಲಯ ಅವರಲ್ಲಿ 18 ಮಂದಿಯ ಶಿಕ್ಷೆಯನ್ನು ರದ್ದುಪಡಿಸಿತು. ಲಿಖಿತ ಕಾರಣ, ಮೇಲ್ಮನವಿ ಎಂಬ ಆ ಪರಿಹಾರ ಇಲ್ಲಿ ಕೆಲಸ ಮಾಡಿತೆಂದು ಒಪ್ಪಬಹುದು, ಆದರೆ ಕೆಲಸ ಮಾಡುವಷ್ಟರಲ್ಲಿ ಮೂರು ವರ್ಷಗಳು ಸೆರೆಮನೆಯಲ್ಲಿ ಕಳೆದಿದ್ದವು.

ಜ್ಯೂರಿಯಿದ್ದರೆ ಇಂತಹ ತಪ್ಪು ನಡೆಯುತ್ತಿರಲಿಲ್ಲವೆಂದು ಹೇಳಲು ಇಂಗ್ಲೆಂಡಿನ ಅನುಭವ ಆಸ್ಪದ ಕೊಡುವುದಿಲ್ಲ. 1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮಿನ ಎರಡು ಮದ್ಯದಂಗಡಿಗಳಲ್ಲಿ ಸಿಡಿದ ಬಾಂಬುಗಳಿಗೆ 21 ಮಂದಿ ಬಲಿಯಾದಾಗ ಬಂಧಿತರಾದ ಆರು ಐರಿಷ್ ಪುರುಷರನ್ನು ಮರುವರ್ಷ ಲ್ಯಾಂಕಾಸ್ಟರಿನಲ್ಲಿ ತಪ್ಪಿತಸ್ಥರೆಂದು ಸಾರಿದ್ದು ಒಂದು ಪೂರ್ಣ ಪ್ರಮಾಣದ ಜ್ಯೂರಿಯೇ. ಅವರ ಕೈಗಳಲ್ಲಿ ಸ್ಫೋಟಕದ ಕುರುಹು ಕಂಡಿತೆಂದು ಹೇಳಿದ ರಾಸಾಯನಿಕ ಪರೀಕ್ಷೆ ಇಸ್ಪೀಟೆಲೆಗಳ ಮೇಲಿನ ಲೇಪಕ್ಕೂ ಅದೇ ಫಲಿತಾಂಶ ಕೊಡಬಲ್ಲುದೆಂದೂ, ಆ ಸಂಜೆ ಅವರು ರೈಲಿನಲ್ಲಿ ಇಸ್ಪೀಟಾಡುತ್ತಿದ್ದರೆಂದೂ ಬೆಳಕಿಗೆ ಬಂದು, ಪೊಲೀಸರ ಟಿಪ್ಪಣಿಗಳೂ ನಂಬಿಕೆಗೆ ಅರ್ಹವಲ್ಲವೆಂದು ಸ್ಥಿರಪಟ್ಟು, ಅವರು ಹೊರಬಂದದ್ದು 1991ರ ಮಾರ್ಚ್ 14ರಂದು. ತಪ್ಪು ಶಿಕ್ಷೆಗಳನ್ನು ಮರುಪರಿಶೀಲಿಸಲೆಂದೇ 1997ರಲ್ಲಿ ಬ್ರಿಟನ್ನಿನಲ್ಲಿ ಕೆಲಸ ಆರಂಭಿಸಿದ ಸ್ವತಂತ್ರ ಆಯೋಗದ ಹಿಂದೆ ಈ ಪ್ರಕರಣದ ನೆರಳಿದೆ.

ನಾಗರಿಕರನ್ನು ಪೀಠದಿಂದ ಇಳಿಸದೆಯೇ ಭಯವನ್ನು ಎದುರಿಸಿದ ದೇಶ ಇಟಲಿ, ಮತ್ತು ಈ ಇತಿಹಾಸದಲ್ಲಿ ಅತ್ಯಂತ ಗಾಢವಾದ ಅಧ್ಯಾಯ ಅಲ್ಲಿನ ಟ್ಯೂರಿನ್ ನಗರದ್ದು. ಇಟಲಿಯ ಅಸೈಸ್ ನ್ಯಾಯಾಲಯದಲ್ಲಿ, ಅಂದರೆ ಘೋರ ಅಪರಾಧಗಳನ್ನು ವಿಚಾರಿಸುವ ಪೀಠದಲ್ಲಿ, ಇಬ್ಬರು ವೃತ್ತಿನಿರತ ನ್ಯಾಯಾಧೀಶರ ಜೊತೆಗೆ ಆರು ಮಂದಿ ಜನನ್ಯಾಯಾಧೀಶರು ಸರಿಸಮನಾದ ಮತದೊಡನೆ ಕೂರುತ್ತಾರೆ. ರೆಡ್ ಬ್ರಿಗೇಡ್ಸ್ ಎಂಬ ಎಡಪಂಥೀಯ ಸಶಸ್ತ್ರ ಗುಂಪಿನ ಸ್ಥಾಪಕರ ವಿಚಾರಣೆ 1976ರ ಮೇ ತಿಂಗಳಲ್ಲಿ ಆರಂಭವಾದಾಗ, ಆರೋಪಿಗಳು ತಮ್ಮ ವಕೀಲರನ್ನೆಲ್ಲ ಕಿತ್ತುಹಾಕಿ, ನ್ಯಾಯಾಲಯ ನೇಮಿಸುವ ವಕೀಲರನ್ನು ಪ್ರಭುತ್ವದ ಜೊತೆಗಾರರೆಂದೇ ಎಣಿಸುವುದಾಗಿ ಸಾರಿದರು. ಪ್ರತಿವಾದಿಗಳಿಗೆ ವಕೀಲರಿಲ್ಲದೆ ವಿಚಾರಣೆ ಸಾಗುವಂತಿಲ್ಲವಾದ್ದರಿಂದ ಆ ಹೊಣೆ ಟ್ಯೂರಿನ್ ವಕೀಲರ ಸಂಘದ ಅಧ್ಯಕ್ಷ ಫುಲ್ವಿಯೊ ಕ್ರೋಚೆ ಅವರ ಮೇಲೆ ಬಿದ್ದಿತು, ಮತ್ತು ವಿಚಾರಣೆ ಮರಳಿ ತೆರೆಯಲು ಇನ್ನು ಕೆಲವೇ ದಿನಗಳಿದ್ದಾಗ, 1977ರ ಏಪ್ರಿಲ್ 28ರಂದು, ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಮೇ ತಿಂಗಳ ಮೊದಲ ವಾರದಲ್ಲಿ ಚೀಟಿಯಲ್ಲಿ ಹೆಸರು ಬಂದ ನಾಗರಿಕರು ಒಬ್ಬರ ಹಿಂದೊಬ್ಬರು ಖಿನ್ನತೆಯೆಂಬ ವೈದ್ಯರ ಪ್ರಮಾಣಪತ್ರ ತಂದೊಪ್ಪಿಸಿದರು, ಆರು ಆಸನಗಳು ತುಂಬಲಿಲ್ಲ, ವಿಚಾರಣೆ ಮುಂದಕ್ಕೆ ಹೋಯಿತು. ನೊಬೆಲ್ ಪುರಸ್ಕೃತ ಕವಿ ಎಯುಜೇನಿಯೊ ಮೋಂತಾಲೆ ತಾವಾಗಿದ್ದರೂ ಒಪ್ಪುತ್ತಿರಲಿಲ್ಲವೆಂದು, ಉಳಿದವರಂತೆ ತಮಗೂ ಭಯವಿದೆಯೆಂದು ಪತ್ರಿಕೆಗೆ ಹೇಳಿದಾಗ, ಕಾದಂಬರಿಕಾರರಾದ ಲಿಯೊನಾರ್ದೊ ಶಾಶಾ ಮತ್ತು ಇಟಾಲೊ ಕಾಲ್ವಿನೊ ಸೇರಿದಂತೆ ಆ ದೇಶದ ಲೇಖಕವರ್ಗವೇ ಪಕ್ಷ ವಹಿಸಿ ಕಾದಾಡಿತು. ನ್ಯಾಯಪದ್ಧತಿಯ ಒಂದು ವಿಧಿಯ ಬಗ್ಗೆ ಸಾಹಿತಿಗಳು ಇಷ್ಟು ಕಾವಿನಿಂದ ಚರ್ಚಿಸಿದ ಸಂದರ್ಭ ವಿರಳ. 1978ರ ಮಾರ್ಚಿನಲ್ಲಿ ಹಳೆಯ ಸೈನಿಕ ವಸತಿಯೊಂದರಲ್ಲಿ ವಿಚಾರಣೆ ಮತ್ತೆ ತೆರೆಯುವ ಹೊತ್ತಿಗೆ ಆಸನಗಳು ಭರ್ತಿಯಾಗಿದ್ದವು. ಚೀಟಿಯಲ್ಲಿ ತಮ್ಮ ಹೆಸರು ಬಂದಾಗ ಹಿಂಜರಿಯದೆ ಒಪ್ಪಿದವರಲ್ಲಿ ರ‍್ಯಾಡಿಕಲ್ ಪಕ್ಷದ ಕಾರ್ಯದರ್ಶಿ ಅದೆಲೈದೆ ಅಲ್ಯೆತ್ತಾ ಒಬ್ಬರು, ಆ ದಿನಗಳ ದಿನಚರಿಯನ್ನು ಅವರು ಮುಂದೆ ಪ್ರಕಟಿಸಿದರು. ವಿಚಾರಣೆ ತೆರೆದ ವಾರದೊಳಗೆ ಮಾಜಿ ಪ್ರಧಾನಿ ಆಲ್ದೊ ಮೋರೊ ಅಪಹೃತರಾಗಿ, ಮೇ 9ರಂದು ಶವವಾಗಿ ಸಿಕ್ಕರು, ಜನನ್ಯಾಯಾಧೀಶರು ಎದ್ದುಹೋಗಲಿಲ್ಲ. ಜೂನ್ 23ರ ತೀರ್ಪಿನಲ್ಲಿ ಗುಂಪಿನ ಸ್ಥಾಪಕ ರೆನಾತೊ ಕುರ್ಚೊಗೆ 15 ವರ್ಷಗಳ ಸೆರೆಯಾಯಿತು, ಹದಿನಾರು ಮಂದಿ ಖುಲಾಸೆಯಾದರು. ಅಂತಹ ವಾತಾವರಣದಲ್ಲಿಯೂ ಆ ಪೀಠ ಆರೋಪಿಗಳಲ್ಲಿ ಇವರು ಅವರು ಎಂದು ಬೇರ್ಪಡಿಸಿ ನೋಡಿತೆಂಬುದಕ್ಕೆ ಈ ಎರಡನೆಯ ಸಂಖ್ಯೆಯೇ ಹೆಚ್ಚಿನ ಸಾಕ್ಷಿ.

ಕ್ರೋಚೆ ಕೊಲೆಯಾದ ಆ ದಿನವೇ ಪಶ್ಚಿಮ ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿ, ಸ್ಟಾಮ್‌ಹೈಮ್ ಸೆರೆಮನೆಯ ಪಕ್ಕದಲ್ಲಿ ಈ ಕೆಲಸಕ್ಕೆಂದೇ ಕಟ್ಟಿದ ಕಟ್ಟಡದಲ್ಲಿ, 192 ದಿನಗಳ ವಿಚಾರಣೆಯ ನಂತರ ರೆಡ್ ಆರ್ಮಿ ಫ್ಯಾಕ್ಷನ್ ಗುಂಪಿನ ಮೂವರಿಗೆ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಹಳೆಯ ಮಾದರಿಯ ಜ್ಯೂರಿಯನ್ನು 1924ರಲ್ಲಿಯೇ ಕೈಬಿಟ್ಟಿದ್ದ ಜರ್ಮನಿಗೆ ಆಸನದ ಸಮಸ್ಯೆಯಿರಲಿಲ್ಲ. ಅಲ್ಲಿ ಬದಲಾದದ್ದು ಪ್ರತಿವಾದದ ನಿಯಮ. ಒಬ್ಬ ಆರೋಪಿಗೆ ಮೂವರಿಗಿಂತ ಹೆಚ್ಚು ವಕೀಲರಿರಬಾರದು, ಸಂಶಯವಿರುವ ವಕೀಲರನ್ನು ಹೊರಗಿಡಬಹುದು, ಉಪವಾಸದಿಂದ ತಮ್ಮನ್ನು ತಾವೇ ಅಶಕ್ತಗೊಳಿಸಿಕೊಂಡ ಆರೋಪಿಗಳ ಗೈರುಹಾಜರಿಯಲ್ಲಿಯೂ ವಿಚಾರಣೆ ನಡೆಸಬಹುದು ಎಂಬ ತಿದ್ದುಪಡಿಗಳು ವಿಚಾರಣೆಗೆ ತುಸು ಮುಂಚೆ ಬಂದವು. ಪಕ್ಷಪಾತದ ಶಂಕೆಯಿಂದ ಪೀಠದ ಮುಖ್ಯಸ್ಥರೇ 1977ರ ಜನವರಿಯಲ್ಲಿ ಸ್ಥಾನ ಬಿಡಬೇಕಾಯಿತು, ಮತ್ತು ಶಿಕ್ಷೆಗೊಳಗಾದ ಮೂವರೂ ಅಕ್ಟೋಬರ್ 18ರಂದು ಸೆರೆಮನೆಯಲ್ಲಿ ಸತ್ತದ್ದರಿಂದ ಆ ತೀರ್ಪು ಅಂತಿಮವಾಗಲೇ ಇಲ್ಲ.

ಫ್ರಾನ್ಸ್ ನಡೆದ ದಾರಿ ಇಟಲಿಗೆ ನೇರ ವಿರುದ್ಧ. ಅಲ್ಜೀರಿಯಾ ಯುದ್ಧ ಮುಗಿದ ಮೇಲೆ, 1963ರಲ್ಲಿ ಸ್ಥಾಪನೆಯಾಗಿದ್ದ ರಾಜ್ಯಭದ್ರತಾ ನ್ಯಾಯಾಲಯವನ್ನು 1981ರಲ್ಲಿ ಎಡಪಂಥೀಯ ಸರ್ಕಾರ ಅಪವಾದದ ನ್ಯಾಯವೆಂದು ರದ್ದುಪಡಿಸಿ, ಭಯೋತ್ಪಾದನೆಯ ಮೊಕದ್ದಮೆಗಳನ್ನು ಸಾಮಾನ್ಯ ಜ್ಯೂರಿಗೆ ಮರಳಿಸಿತ್ತು. 1986ರ ಡಿಸೆಂಬರಿನಲ್ಲಿ ಆಕ್ಸಿಯೋ ದಿರೆಕ್ತ್ ಎಂಬ ಗುಂಪಿನ ರೆಜಿ ಶ್ಲೆಶೇರ್ ಪ್ಯಾರಿಸಿನ ನ್ಯಾಯಾಲಯದಲ್ಲಿ ಜ್ಯೂರಿಯ ಸದಸ್ಯರನ್ನು ನೇರವಾಗಿ ಬೆದರಿಸಿದಾಗ, ಟ್ಯೂರಿನಿನಂತೆಯೇ ಇಲ್ಲಿಯೂ ವೈದ್ಯರ ಪ್ರಮಾಣಪತ್ರಗಳು ಬಂದವು, ವಿಚಾರಣೆ ನಿಂತಿತು. ಆದರೆ ಇಟಲಿ ಮರಳಿ ಚೀಟಿ ಎತ್ತಿದ್ದಲ್ಲಿ ಫ್ರಾನ್ಸ್ ಕಾನೂನನ್ನೇ ತಿದ್ದಿತು: ಅದೇ ಸೆಪ್ಟೆಂಬರಿನಲ್ಲಿ ಮುಂದಿನ ಪ್ರಕರಣಗಳಿಗೆಂದು ರೂಪಿಸಿದ್ದ, ಏಳು ಮಂದಿ ವೃತ್ತಿನಿರತ ನ್ಯಾಯಾಧೀಶರ ವಿಶೇಷ ಅಸೈಸ್ ಪೀಠವನ್ನು ಡಿಸೆಂಬರ್ ಕೊನೆಯಲ್ಲಿ ಆಗಲೇ ನಡೆಯುತ್ತಿದ್ದ ಪ್ರಕರಣಗಳಿಗೂ ವಿಸ್ತರಿಸಲಾಯಿತು. ಸಾಮಾನ್ಯ ಅಸೈಸ್ ಪೀಠದಲ್ಲಿ ಅಂದು ಆರೋಪಿಯನ್ನು ತಪ್ಪಿತಸ್ಥನೆನ್ನಲು ಹನ್ನೆರಡರಲ್ಲಿ ಎಂಟು ಮತಗಳು ಬೇಕಿದ್ದರೆ, ಈ ವಿಶೇಷ ಪೀಠಕ್ಕೆ ಸರಳ ಬಹುಮತ ಸಾಕು. ಅಂದರೆ ಜ್ಯೂರಿಯ ಜೊತೆಗೆ ಆರೋಪಿಗೆ ಜ್ಯೂರಿ ಕೊಡುತ್ತಿದ್ದ ಸಂಶಯದ ಲಾಭವೂ ಸದ್ದಿಲ್ಲದೆ ಕಿರಿದಾಯಿತು. ಆ ಕಾಲದ ಚರ್ಚೆಯಲ್ಲಿ ಮೊದಲನೆಯದಕ್ಕೆ ಸಿಕ್ಕ ಗಮನ ಎರಡನೆಯದಕ್ಕೆ ಸಿಗಲಿಲ್ಲ.

ಪೀಠದಲ್ಲಿ ಯಾರಿರಬೇಕೆಂಬುದು ಇಷ್ಟು ಬಗೆಯಾದರೆ, ಪೀಠ ವಿಧಿಸುವ ವರ್ಷಗಳ ಲೆಕ್ಕವೂ ದೇಶದಿಂದ ದೇಶಕ್ಕೆ ಬೇರೆ ಅರ್ಥ ಪಡೆಯುತ್ತದೆ. 2004ರ ಮಾರ್ಚ್ 11ರ ಮ್ಯಾಡ್ರಿಡ್ ರೈಲು ಸ್ಫೋಟಗಳ ಪ್ರಕರಣದಲ್ಲಿ ಸ್ಪೇನಿನ ರಾಷ್ಟ್ರೀಯ ನ್ಯಾಯಾಲಯ 2007ರ ಅಕ್ಟೋಬರ್ 31ರಂದು ಇಬ್ಬರು ಮುಖ್ಯ ಆರೋಪಿಗಳಿಗೆ ತಲಾ 42 ಸಾವಿರ ವರ್ಷಗಳಿಗೂ ಮೀರಿದ ಶಿಕ್ಷೆ ಕೊಟ್ಟಿತು. ಪ್ರತಿ ಸಾವಿಗೆ, ಪ್ರತಿ ಗಾಯಕ್ಕೆ ಪ್ರತ್ಯೇಕ ಶಿಕ್ಷೆ ಕೂಡಿಸಿದ ಮೊತ್ತವದು, ಸೆರೆಯಲ್ಲಿ ಕಳೆಯಬೇಕಾದದ್ದು ಹೆಚ್ಚೆಂದರೆ 40 ವರ್ಷ. ಈ ಎರಡು ಸಂಖ್ಯೆಗಳ ನಡುವಿನ ಬಿರುಕಿನಲ್ಲಿಯೇ ಒಂದು ದೊಡ್ಡ ವ್ಯಾಜ್ಯ ಹುಟ್ಟಿತ್ತು. ಸೆರೆಮನೆಯಲ್ಲಿ ದುಡಿದ ದಿನಗಳಿಗೆ ಸಿಗುವ ಕಡಿತವನ್ನು ಹಳೆಯ ಸಂಹಿತೆಯ 30 ವರ್ಷಗಳ ಗರಿಷ್ಠ ಮಿತಿಯಿಂದ ಕಳೆಯುವ ಬದಲು, ಸಾವಿರಾರು ವರ್ಷಗಳ ಮೂಲ ಶಿಕ್ಷೆಗಳಿಂದ ಒಂದೊಂದಾಗಿ ಕಳೆಯಬೇಕೆಂದು 2006ರಲ್ಲಿ ಸ್ಪೇನಿನ ಸರ್ವೋಚ್ಚ ನ್ಯಾಯಾಲಯ ಹೇಳಿದ್ದರಿಂದ, ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆಯಾದ ಇಟಿಎಯ ಕೈದಿಗಳಿಗೆ ಕಡಿತವೇ ಇಲ್ಲವಾಯಿತು. ಶಿಕ್ಷೆಯಾದ ಮೇಲೆ ಲೆಕ್ಕದ ನಿಯಮ ಬದಲಿಸುವುದು ಹಿಂದಿನ ಕೃತ್ಯಕ್ಕೆ ಹೊಸ ಶಿಕ್ಷೆ ಕೊಟ್ಟಂತೆಯೇ ಎಂದು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ಅಕ್ಟೋಬರ್ 21ರಂದು ತೀರ್ಮಾನಿಸಿದಾಗ ಹತ್ತಾರು ಕೈದಿಗಳು ಕೆಲವೇ ವಾರಗಳಲ್ಲಿ ಹೊರಬಂದರು.

ಉತ್ತರ ಐರ್ಲೆಂಡಿನಲ್ಲಿ ಶಿಕ್ಷೆಯ ವರ್ಷಗಳನ್ನು ಮೊಟಕುಗೊಳಿಸಿದ್ದು ನ್ಯಾಯಾಲಯವಲ್ಲ, ಮತದಾರರು. 1998ರ ಶಾಂತಿ ಒಪ್ಪಂದದ ಪ್ರಕಾರ ಕದನವಿರಾಮಕ್ಕೆ ಬದ್ಧವಾದ ಸಂಘಟನೆಗಳ ಕೈದಿಗಳನ್ನು ಎರಡು ವರ್ಷಗಳೊಳಗೆ ಬಿಡಬೇಕಿತ್ತು, ಮತ್ತು ಆ ಒಪ್ಪಂದಕ್ಕೆ ಮೇ 22ರ ಜನಮತಗಣನೆಯಲ್ಲಿ ಶೇಕಡ 71 ಮಂದಿ ಸಮ್ಮತಿಯಿತ್ತರು. 2000ದ ಬೇಸಿಗೆಯ ಹೊತ್ತಿಗೆ 400ಕ್ಕೂ ಹೆಚ್ಚು ಕೈದಿಗಳ ಬಿಡುಗಡೆಯಾಗಿತ್ತು. ಇಪ್ಪತ್ತೈದು ವರ್ಷಗಳ ಹಿಂದೆ ಇಂತಹವರ ಬಗ್ಗೆ ನಿಷ್ಪಕ್ಷವಾಗಿ ತೀರ್ಪು ಕೊಡಲಾರರೆಂದು ಆಸನದಿಂದ ಇಳಿಸಿದ್ದ ಜನರನ್ನೇ ಈಗ ಅದೇ ಶಿಕ್ಷೆಗಳ ಬಗ್ಗೆ ಕೇಳಲಾಗಿತ್ತು. ಜ್ಯೂರಿಯಿಲ್ಲದ ಪೀಠ ಮಾತ್ರ ಹೋಗಲಿಲ್ಲ. 2007ರ ಕಾಯ್ದೆ ಅದನ್ನು ಪ್ರಕರಣಕ್ಕೊಂದು ಪ್ರಮಾಣಪತ್ರದ ವ್ಯವಸ್ಥೆಯಾಗಿ ಬದಲಿಸಿ, ಎರಡು ವರ್ಷಕ್ಕೊಮ್ಮೆ ನವೀಕರಿಸುತ್ತ ಉಳಿಸಿಕೊಂಡಿತು.

ನಾರ್ವೆಯಲ್ಲಿ 2011ರ ಜುಲೈ 22ರಂದು 77 ಮಂದಿಯನ್ನು ಕೊಂದ ಆಂಡರ್ಸ್ ಬ್ರೈವಿಕ್‌ನ ವಿಚಾರಣೆಗೆ ವಿಶೇಷ ಪೀಠ ರಚನೆಯಾಗಲಿಲ್ಲ. ಇಬ್ಬರು ನ್ಯಾಯಾಧೀಶರ ಜೊತೆ ಮೂವರು ಸಾಮಾನ್ಯ ನಾಗರಿಕರು ಎಂದಿನಂತೆ ಕುಳಿತರು, ಅವರಲ್ಲೊಬ್ಬರು ಮರಣದಂಡನೆಯೇ ಸರಿಯೆಂದು ಹಿಂದೆ ಫೇಸ್‌ಬುಕ್ಕಿನಲ್ಲಿ ಬರೆದದ್ದು ಹೊರಬಿದ್ದು ಎರಡನೆಯ ದಿನವೇ ಬದಲಿ ಬಂದರು. ಅವನಿಗೆ ವಿಧಿಸಿದ 21 ವರ್ಷ ಕೇಳಲು ಕಡಿಮೆಯೆನಿಸಿದರೂ ಅದು ರಕ್ಷಣಾತ್ಮಕ ಬಂಧನ, ಅಂದರೆ ಅಪಾಯ ಉಳಿದಿರುವವರೆಗೆ ಐದೈದು ವರ್ಷದಂತೆ ವಿಸ್ತರಿಸಬಹುದಾದದ್ದು. ಸ್ಪೇನಿನ ನಲವತ್ತೆರಡು ಸಾವಿರ ವರ್ಷಗಳಿಗೆ ಕೊನೆಯಿದೆ, ನಾರ್ವೆಯ ಇಪ್ಪತ್ತೊಂದಕ್ಕೆ ಇರಬೇಕೆಂದಿಲ್ಲ.

2015ರ ನವೆಂಬರ್ 13ರಂದು ಪ್ಯಾರಿಸಿನಲ್ಲಿ 130 ಮಂದಿಯನ್ನು ಕೊಂದ ದಾಳಿಗಳೂ 2016ರ ಮಾರ್ಚ್ 22ರ ಬ್ರಸೆಲ್ಸ್ ದಾಳಿಗಳೂ ಒಂದೇ ಜಾಲದ ಕೃತ್ಯಗಳಾದರೂ, ವಿಚಾರಣೆಗಳು ಗಡಿಯ ಎರಡು ಬದಿಗಳಲ್ಲಿ ಎರಡು ಪರಂಪರೆಗಳನ್ನು ಹಿಡಿದವು. ಪ್ಯಾರಿಸಿನಲ್ಲಿ ಹತ್ತು ತಿಂಗಳ ವಿಚಾರಣೆಯ ನಂತರ, 2022ರ ಜೂನ್ 29ರಂದು, ವೃತ್ತಿನಿರತ ನ್ಯಾಯಾಧೀಶರ ಪೀಠ ಎರಡೂ ಪ್ರಕರಣಗಳಲ್ಲಿ ಆರೋಪಿಯಾಗಿದ್ದ ಸಲಾಹ್ ಅಬ್ದೆಸ್ಲಾಮ್‌ಗೆ ಬಿಡುಗಡೆಯ ಆಸೆಯನ್ನು ಬಹುಮಟ್ಟಿಗೆ ಮುಚ್ಚುವ ಕಠಿಣತಮ ಜೀವಾವಧಿ ಶಿಕ್ಷೆ ವಿಧಿಸಿತು. ಬೆಲ್ಜಿಯಂ ಸಂವಿಧಾನದ 150ನೇ ವಿಧಿ ಇಂತಹ ಅಪರಾಧಗಳಿಗೆ ಜ್ಯೂರಿ ಬೇಕೇಬೇಕೆನ್ನುತ್ತದೆ. ಅದನ್ನು ಬದಿಗೊತ್ತುವಂತಿದ್ದ ಸುಧಾರಣೆಯೊಂದನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2017ರಲ್ಲಿ ರದ್ದುಪಡಿಸಿತ್ತು. ಹಾಗಾಗಿ ನೇಟೋದ ಹಳೆಯ ಕೇಂದ್ರಕಚೇರಿಯಲ್ಲಿ ಹನ್ನೆರಡು ನಾಗರಿಕರು ತಿಂಗಳುಗಟ್ಟಲೆ ಕುಳಿತು, ಕೊನೆಗೆ ಹೊರಲೋಕದ ಸಂಪರ್ಕವಿಲ್ಲದ ಗುಪ್ತ ಸ್ಥಳದಲ್ಲಿ ಎರಡು ವಾರಗಳಿಗೂ ಹೆಚ್ಚು ಕಾಲ ಸಮಾಲೋಚಿಸಿ, 2023ರ ಜುಲೈ 25ರಂದು ಅಬ್ದೆಸ್ಲಾಮ್ ಸೇರಿದಂತೆ ಆರು ಮಂದಿಯನ್ನು ಭಯೋತ್ಪಾದಕ ಕೊಲೆಯ ತಪ್ಪಿತಸ್ಥರೆಂದೂ ಇಬ್ಬರನ್ನು ಪೂರ್ಣ ನಿರ್ದೋಷಿಗಳೆಂದೂ ಸಾರಿದರು. ಸೆಪ್ಟೆಂಬರಿನಲ್ಲಿ ಶಿಕ್ಷೆಯ ಪ್ರಮಾಣ ನಿರ್ಧರಿಸಲು ನ್ಯಾಯಾಧೀಶರೊಡನೆ ಮತ್ತೆ ಕುಳಿತಾಗ, ಬ್ರಸೆಲ್ಸಿನಲ್ಲಿ ಪೊಲೀಸರ ಮೇಲೆ ಗುಂಡು ಹಾರಿಸಿದ್ದಕ್ಕಾಗಿ 2018ರಲ್ಲಿ ಅಬ್ದೆಸ್ಲಾಮ್‌ಗೆ ಬಿದ್ದಿದ್ದ 20 ವರ್ಷಗಳ ಶಿಕ್ಷೆಯನ್ನು ಗಣನೆಗೆ ತೆಗೆದುಕೊಂಡು, ಅದರ ಮೇಲೆ ಒಂದು ದಿನವನ್ನೂ ಸೇರಿಸಲಿಲ್ಲ.